ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದ್ದರೂ ಎಂಜಿನ್ ಕೆಮ್ಮುವುದೇಕೆ?

ನಮಸ್ಕಾರ. ಮನೆಯ ಶೆಡ್ಡಿನಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವ ವೀಕ್ಷಕರೊಬ್ಬರು ಕೇಳಿದ್ದರು: ಟ್ಯಾಂಕ್‌ನಲ್ಲಿ ಕಾಲು ಭಾಗ ಪೆಟ್ರೋಲ್ ಇದೆ, ಆದರೂ ಉದ್ದನೆಯ ತಿರುವಿನಲ್ಲಿ ಎಂಜಿನ್ ಕೆಮ್ಮುತ್ತದೆ, ಏಕೆ? ಈ ಪ್ರಶ್ನೆ ವಾರವಿಡೀ ನನ್ನ ತಲೆಯಲ್ಲಿ ಕುಳಿತಿತ್ತು.

[ತೆರೆಯಲ್ಲಿ: ಲೋಟಸ್ ಸೆವೆನ್ ಮಾದರಿಯ ಚಾಸಿ, ಮೇಲಿನಿಂದ]

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 1957ರಲ್ಲಿ ಬ್ರಿಟನ್ನಿನಲ್ಲಿ ಬಂದ ಲೋಟಸ್ ಸೆವೆನ್ ಕಿಟ್ ರೂಪದಲ್ಲೂ ಸಿಗುತ್ತಿತ್ತು. ಕೊಂಡು ತಂದು ಮನೆಯಲ್ಲೇ ಜೋಡಿಸಿದರೆ ಖರೀದಿ ತೆರಿಗೆ ಉಳಿಯುತ್ತಿತ್ತು. ಅಲ್ಲಿನ ಹವ್ಯಾಸಿಗಳು ಈಗಲೂ ಅದೇ ರೂಪದ ಕಾರು ಕಟ್ಟುತ್ತಾರೆ. ಎಂಜಿನ್ ಮುಂದೆ, ಟ್ಯಾಂಕ್ ಹಿಂದೆ, ನಡುವೆ ಕೊಳವೆ.

ಈಗ ಕೆಮ್ಮಿನ ವಿಷಯ. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವವರನ್ನು ನೋಡಿದ್ದೀರಲ್ಲ? ಬಕೆಟ್ ಹಿಡಿದು ಥಟ್ಟನೆ ತಿರುಗಿದರೆ ಸಾರು ಒಂದು ಕಡೆಯ ಅಂಚಿಗೆ ಏರುತ್ತದೆ, ಇನ್ನೊಂದು ಕಡೆ ತಳ ಕಾಣುತ್ತದೆ. ಆ ಕ್ಷಣದಲ್ಲಿ ಖಾಲಿ ಕಡೆಗೆ ಸೌಟು ಇಳಿಸಿದರೆ ಬರುವುದು ಗಾಳಿ. ಒಳ್ಳೆಯ ಟೈರುಗಳಿರುವ ಹಗುರ ಕಾರು ತಿರುವಿನಲ್ಲಿ 1 ಜಿ ಮುಟ್ಟಿದರೆ, ಅಂದರೆ ಪಕ್ಕದ ಸೆಳೆತ ಗುರುತ್ವದಷ್ಟೇ ಆದರೆ, ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲ್ಮೈ ಸರಿಯಾಗಿ 45 ಡಿಗ್ರಿ ವಾಲುತ್ತದೆ. ನಲವತ್ತೈದು! ಸಮತಟ್ಟಾದ ರಸ್ತೆಯಲ್ಲಿ ಹೋಗುತ್ತಿದ್ದರೂ ಪೆಟ್ರೋಲಿನ ಮಟ್ಟಿಗೆ ಕಾರನ್ನು ಕಡಿದಾದ ದಿಬ್ಬದ ಮೇಲೆ ಅಡ್ಡಲಾಗಿ ನಿಲ್ಲಿಸಿದಂತೆ. ತಿರುವು ಎಡಕ್ಕಾದರೆ ಇಂಧನ ಬಲಕ್ಕೆ ಓಡುತ್ತದೆ. ಹೀರುವ ಬಾಯಿ ಎಡಕ್ಕಿದ್ದರೆ ಸಾರು ಸಿಗದ ಸೌಟಿನ ಗತಿ.

ಇದಕ್ಕೆ ಪರಿಹಾರ ಸ್ವಿರ್ಲ್ ಪಾಟ್, ಒಂದೆರಡು ಲೀಟರ್ ಹಿಡಿಯುವ ಎತ್ತರದ ಡಬ್ಬಿ. ಇಡೀ ಕಾರಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಕಡಿಮೆ ಒತ್ತಡದ ಪಂಪ್ ಟ್ಯಾಂಕಿನಿಂದ ಇದನ್ನು ಸದಾ ತುಂಬುತ್ತಿರುತ್ತದೆ. ಇದರ ತಳದಿಂದ ಎರಡನೆಯ ಪಂಪ್ ಹೀರಿ, ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರುಗಳಿಗೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಮೂತಿಗಳಿಗೆ, ಕಳಿಸುತ್ತದೆ. ಎಂಜಿನ್ ಬಳಸದೆ ಬಿಟ್ಟ ಪೆಟ್ರೋಲ್ ಡಬ್ಬಿಯ ಗೋಡೆಯನ್ನು ಸವರುವಂತೆ ಓರೆಯಾಗಿ ಮರಳಿ ಬಂದು ಸುತ್ತತೊಡಗುತ್ತದೆ. ಭಾರವಾದ ದ್ರವ ಗೋಡೆಗೆ ಸರಿದರೆ, ಗಾಳಿ ನಡುವಿಗೆ ಬಂದು ಮೇಲೇರಿ ತುದಿಯ ಕೊಳವೆಯಿಂದ ಟ್ಯಾಂಕಿಗೆ ಮರಳುತ್ತದೆ. ಮೊದಲ ಪಂಪ್ ನಾಲ್ಕು ಸೆಕೆಂಡು ಗಾಳಿ ಕುಡಿದರೂ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ.

[ತೆರೆಯಲ್ಲಿ: ಕೊಳವೆಗಳ ನಕ್ಷೆ]

ಹಾಗಾಗಿ ಕೊಳವೆ ಬಗ್ಗಿಸುವ ಮೊದಲು ಕಾಗದದ ಮೇಲೆ ಗೆರೆ ಎಳೆಯಿರಿ. ಪಂಪ್ ದೂಡುವುದರಲ್ಲಿ ಜಾಣ, ಹೀರುವುದರಲ್ಲಿ ದಡ್ಡ. ಅದನ್ನು ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ ಇಡಿ. ಮುಂದಕ್ಕೆ ಹೋಗುವ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳತ್ತ ಒಯ್ಯುವ, ತಿರುಗುವ ದಂಡ) ಇರುವ ಸುರಂಗ ಹತ್ತಿರದ ದಾರಿ. ಆದರೆ ಜಾಯಿಂಟ್ ಮುರಿದರೆ ಆ ಶಾಫ್ಟ್ ಒಳಗೆ ಕೊಡಲಿಯಂತೆ ಬೀಸುತ್ತದೆ. ಲೋಹದ ಕಾಪು ಕಟ್ಟದೆ ಅಲ್ಲಿ ಪೆಟ್ರೋಲ್ ಒಯ್ಯುವುದನ್ನು ನಾನು ಒಪ್ಪುವುದಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಸೈಲೆನ್ಸರಿನ ಬಿಸಿಯಿಂದ ದೂರವಿರಿ, ಕೊಳವೆಯಲ್ಲೇ ಪೆಟ್ರೋಲ್ ಆವಿಯಾದರೆ ಮತ್ತೆ ಕೆಮ್ಮು. ರಬ್ಬರ್ ಹೋಸ್ ಎಥೆನಾಲ್ ತಡೆಯುವಂಥದ್ದೇ ಆಗಿರಲಿ: ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ. 10ರವರೆಗೆ ಎಥೆನಾಲ್ ಬೆರೆತದ್ದು, ನಮ್ಮಲ್ಲಿ ಶೇ. 20ರವರೆಗಿನ ಇ20. ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಬಿಡಬೇಡಿ.

ಎಲ್ಲ ಜೋಡಿಸಿದ ದಿನ ಎಂಜಿನ್ ಚಾಲೂ ಮಾಡುವ ಅವಸರ ಬೇಡ. ಬಾಗಿಲು ತೆರೆದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಪಂಪನ್ನು ಮಾತ್ರ ಓಡಿಸಿ. ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಸುತ್ತಿ, ಹತ್ತು ನಿಮಿಷ ಬಿಟ್ಟು ಒಂದೊಂದನ್ನೇ ಬಿಚ್ಚಿ ನೋಡಿ.