ಮರದೊಳಗಿನ ಬಾಲ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಕೆಲವರು ಈಗಷ್ಟೇ ಹುಲ್ಲು ಕೊಯ್ದು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಬಂದಿರುತ್ತೀರಿ. ಅದರ ಹಿಡಿಯೊಳಗೆ ಏನಿದೆ ಎಂಬುದು ನಿಮಗೆ ಗೊತ್ತು: ಅಲಗಿನ ಬಾಲ. ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾದ ವೈಕಿಂಗರ ಚಾಕು ನಿಂತದ್ದೂ ಅಂಥ ಬಾಲದ ಮೇಲೆಯೇ. ಇವತ್ತು ನಾನು ಹೇಳಬೇಕಾದ ಮಾತು ಅದೊಂದೇ.

ವೈಕಿಂಗರ ಚಾಕು ಎಂದು ಅಂಗಡಿಗಳಲ್ಲಿ ಈಗ ಮಾರುವ ವಸ್ತುವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಲಗಿನ ಎರಡೂ ಮಗ್ಗುಲಿಗೆ ಮರದ ಪಟ್ಟಿ, ಅದಕ್ಕೆ ಮೂರು ಹಿತ್ತಾಳೆಯ ಮೊಳೆ! ಇಂಗ್ಲೆಂಡಿನಲ್ಲಿ ಆ ಪದ್ಧತಿ ರೂಢಿಗೆ ಬಂದದ್ದು 14ನೇ ಶತಮಾನದಲ್ಲಿ. ವೈಕಿಂಗರ ಹಿಡಿ ಒಂದೇ ತುಂಡು. ಅದರ ನಡುವೆ ತೂತು, ತೂತಿನೊಳಗೆ ಚೂಪಾಗುತ್ತ ಹೋಗುವ ಕಬ್ಬಿಣದ ಬಾಲ. ಪಟ್ಟಿಯಿಲ್ಲ, ಮೊಳೆಯಿಲ್ಲ.

ಅಷ್ಟು ಆಳದ ತೂತನ್ನು ಹೇಗೆ ಕೊರೆದರು? ಇದಕ್ಕೆ ಒಂದು ಪೆಟ್ಟಿಗೆಯ ಕಥೆ ಹೇಳಲೇಬೇಕು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಮೆಸ್ಟರ್‌ಮ್ಯೂರ್ ಎಂಬ ಜೌಗು ಪ್ರದೇಶವಿತ್ತು. ನೀರು ಬಸಿದು ಅದನ್ನು ಹೊಲ ಮಾಡಿದ್ದರು. 1936ರಲ್ಲಿ ಅಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಏನೋ ತಗುಲಿತು. ಬಿಡಿಸಿ ನೋಡಿದರೆ ಓಕ್ ಮರದ ಪೆಟ್ಟಿಗೆ, ಅದರ ಸುತ್ತ ಕಬ್ಬಿಣದ ಸರಪಳಿ. ಅದು ವೈಕಿಂಗ್ ಕಾಲದ ಕುಶಲಕರ್ಮಿಯೊಬ್ಬನ ಸಾಮಾನಿನ ಪೆಟ್ಟಿಗೆ! ಅಲ್ಲಿ ಸಿಕ್ಕ ವಸ್ತುಗಳು ಇನ್ನೂರಕ್ಕೂ ಹೆಚ್ಚು. ಸುತ್ತಿಗೆ, ಇಕ್ಕಳ, ಗರಗಸ, ಅರ, ಕೊಡಲಿ, ಬೀಗ, ಗಂಟೆ, ಕೊಪ್ಪರಿಗೆ. ಕಮ್ಮಾರನ ಸಾಮಾನೂ ಬಡಗಿಯ ಸಾಮಾನೂ ಒಟ್ಟಿಗೇ ಇದ್ದವು. ಹೊತ್ತುಕೊಂಡು ಹೋಗುವಾಗ ಜಾರಿತೋ, ಬೇಕೆಂದೇ ಮುಳುಗಿಸಿದನೋ, ಮತ್ತೆ ಅದನ್ನು ಎತ್ತಲು ಅವನು ಬರಲೇ ಇಲ್ಲ. ನಾನು ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ಕಣ್ಣು ನಿಲ್ಲುವುದು ಅದರಲ್ಲಿರುವ ಬೈರಿಗೆಗಳ ಮೇಲೆ. ಚಮಚದ ಹಾಗೆ ಬಾಯಿ ತೋಡಿದ ಬೈರಿಗೆಗಳು! ಮರದ ಎಳೆಯ ಉದ್ದಕ್ಕೂ ನೇರವಾಗಿ ತೂತು ಇಳಿಸಲು ಅಂಥ ಬೈರಿಗೆಯೊಂದು ಸಾಕು.

ತೂತು ಬಾಲಕ್ಕಿಂತ ತುಸು ಕಿರಿದಾಗಿರಬೇಕು. ಆ ಮಾದರಿಯ ಚಾಕು ಮಾಡುವ ಇಂದಿನ ಕಮ್ಮಾರರು ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕೆಂಪಗೆ ಕಾಯಿಸಿ ತೂತಿನೊಳಗೆ ಒತ್ತುತ್ತಾರೆ. ಮರ ಸುಟ್ಟು ಬಾಲದ ಆಕಾರಕ್ಕೇ ದಾರಿ ಬಿಡುತ್ತದೆ. ಕೊನೆಯ ಒಂದು ಬೆರಳಿನಷ್ಟನ್ನು ತಣ್ಣಗಿರುವಾಗ ಬಡಿದು ಕೂರಿಸಬೇಕು. ನಾನು ಮೊದಲ ಸಲ ಆತುರಪಟ್ಟು ಪೂರ್ತಿ ಬಿಸಿಯಲ್ಲೇ ಇಳಿಸಿದೆ. ವಾರದೊಳಗೆ ಹಿಡಿ ಗಡಗಡ ಅಲುಗಿತು. ಎರಡನೆಯದು ಇಂದಿಗೂ ಕದಲಿಲ್ಲ. ಅಂಟಲ್ಲ, ಮೊಳೆಯಲ್ಲ, ಅದನ್ನು ಹಿಡಿದಿರುವುದು ಬಾಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಿಡಿಗೆ ಮರವಷ್ಟೇ ಅಲ್ಲ, ಜಿಂಕೆಯ ಕೊಂಬು, ಮೂಳೆಗಳೂ ಆಗುತ್ತಿದ್ದವು. ಉಳ್ಳವರು ಹಿಡಿಗೆ ಬೆಳ್ಳಿಯ ತಂತಿ ಸುತ್ತಿಸುತ್ತಿದ್ದರು. ಕೆಲವು ಚಾಕುಗಳಲ್ಲಿ ಬಾಲ ಹಿಡಿಯ ಆಚೆ ಬದಿಗೂ ಹಾಯ್ದು, ಅಲ್ಲಿ ಅದರ ತುದಿಯನ್ನು ಬಡಿದು ಮಡಚಿರುತ್ತಾರೆ. ವೈಕಿಂಗರು ಬಂದು ನೆಲೆಸಿದ್ದ ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ಇನ್ನೂರಕ್ಕೂ ಹೆಚ್ಚು ಚಾಕುಗಳು ದೊರೆತವು. ಅಲ್ಲಿನ ಒದ್ದೆ ಮಣ್ಣು ಚರ್ಮದ ಒರೆಗಳನ್ನೂ ಉಳಿಸಿದೆ. ಆ ಒರೆಗಳು ಅಲಗನ್ನಷ್ಟೇ ಅಲ್ಲ, ಹಿಡಿಯ ಒಂದಿಷ್ಟು ಭಾಗವನ್ನೂ ನುಂಗುತ್ತವೆ. ನುಣುಪಾದ ಹಿಡಿಯಲ್ಲಿ ಒರೆಗೆ ತಗುಲುವ ಮೊಳೆಯ ತಲೆಯೇ ಇಲ್ಲವಲ್ಲ. ನಮಸ್ಕಾರ.