ಅಧ್ಯಕ್ಷರು ಹೊರಗೆ ಟೀ ಕುಡೀತಿದಾರೆ

ನಮಸ್ಕಾರ. ಇವತ್ತು ಒಂದು ಬೈಕ್ ಕೀ ಇಂದ ಶುರು ಮಾಡ್ತೀನಿ.

ಮೂರ್ನಾಲ್ಕು ವರ್ಷದ ಹಿಂದೆ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ಮಾಡಿಸೋಕೆ ನಮ್ಮ ಕಡೆಯ ಒಂದು ಗ್ರಾಮ ಪಂಚಾಯ್ತಿಗೆ ಹೋಗಿದ್ದೆ. ಗೋಡೆ ಮೇಲೆ ಬೋರ್ಡು. ಅಧ್ಯಕ್ಷರು: ಶ್ರೀಮತಿ ಇಂಥವರು, ಕೋಂ ಇಂಥವರು. "ಅಧ್ಯಕ್ಷರು ಇದಾರಾ?" ಅಂದೆ. "ಇದಾರಲ್ಲ, ಹೊರಗೆ ಟೀ ಕುಡೀತಿದಾರೆ" ಅಂದ್ರು ಬಿಲ್ ಕಲೆಕ್ಟರು. ಹೋಗಿ ನೋಡಿದ್ರೆ, ಬೋರ್ಡಲ್ಲಿ 'ಕೋಂ' ಆದ್ಮೇಲೆ ಬರೆದಿದ್ದ ಹೆಸರಿನ ಮನುಷ್ಯ, ಅಂದ್ರೆ ಅಧ್ಯಕ್ಷೆಯ ಗಂಡ! ಬೈಕ್ ಕೀ ರಿಂಗಿಗೆ ಪೆನ್‌ಡ್ರೈವ್ ಥರದ್ದೊಂದು ನೇತಾಕ್ಕೊಂಡಿದ್ರು. ಅದು ಅಧ್ಯಕ್ಷರ ಡಿಜಿಟಲ್ ಸಹಿಯ ಡೋಂಗಲ್. ಪಂಚಾಯ್ತಿ ದುಡ್ಡು ಬಿಡುಗಡೆ ಆಗ್ಬೇಕು ಅಂದ್ರೆ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ ಜೊತೆ ಅದೂ ಬೇಕು. ಹೆಂಡತಿ ಸಹಿ ಗಂಡನ ಬೈಕಲ್ಲಿ ಊರೆಲ್ಲ ಸುತ್ತುತ್ತಿತ್ತು.

ಈ ಕಥೆ ಯಾರಿಗೆ ಹೇಳಿದ್ರೂ ಬರೋ ಮಾತು ಒಂದೇ. "ನೋಡಿದ್ರಾ, ಇದಕ್ಕೇ ಹೇಳೋದು, ಹೆಂಗಸರ ಕೈಲಿ ರಾಜಕೀಯ ಆಗಲ್ಲ ಅಂತ." ಅಲ್ಲ ಸ್ವಾಮಿ, ಡೋಂಗಲ್ ಕಿತ್ಕೊಂಡಿದ್ದು ಗಂಡಸು, ಕೈಲಾಗದವಳು ಅನ್ನಿಸ್ಕೊಂಡಿದ್ದು ಹೆಂಗಸು. ಇದ್ಯಾವ ಲೆಕ್ಕ? ಅಪ್ಪನ ಕ್ಷೇತ್ರದಲ್ಲಿ ಅಪ್ಪನ ದುಡ್ಡಲ್ಲಿ ಗೆದ್ದ ಮಗ ಫ್ಲೆಕ್ಸಲ್ಲಿ 'ಯುವ ನಾಯಕ' ಆಗ್ತಾನೆ. ಸೊಸೆ ನಿಂತ್ರೆ ಡಮ್ಮಿ ಕ್ಯಾಂಡಿಡೇಟು.

ಸ್ತ್ರೀವಾದ ಅಂದ ತಕ್ಷಣ ಮುಖ ಸಿಂಡರಿಸೋರಿಗೆ ಒಂದು ವಿಷಯ ನೆನಪಿಸ್ತೀನಿ. ಇದೇನೂ ಎಲ್ಲಿಂದಲೋ ತಂದು ನಮ್ಮ ಮೇಲೆ ಹೇರಿದ್ದಲ್ಲ. ದೇಶದ ಪಂಚಾಯ್ತಿಗಳಲ್ಲೆಲ್ಲ ಹೆಂಗಸರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರೋಕೂ ಮುಂಚೆ, 1987ರ ಪಂಚಾಯ್ತಿ ಚುನಾವಣೆಯಲ್ಲೇ ಕರ್ನಾಟಕದಲ್ಲಿ ಹೆಂಗಸರಿಗೆ ಶೇಕಡಾ 25 ಸೀಟು ಮೀಸಲಿತ್ತು. ನೀರ್ ಸಾಬ್ ಅಂತ ಜನ ಕರೀತಿದ್ದ ಅಬ್ದುಲ್ ನಜೀರ್ ಸಾಬ್ ಆಗ ಮಂತ್ರಿ. 1993ಕ್ಕೆ ಮೂರನೇ ಒಂದು ಭಾಗ, 2010ರಲ್ಲಿ ಅರ್ಧಕ್ಕರ್ಧ.

ಹೆಂಗಸರು ಕೂತ ಕಡೆ ಕೆಲಸ ಆಗುತ್ತಾ? ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ನಮ್ಮ ದೇಶದ ಹಳ್ಳಿಗಳಲ್ಲೇ ಇದನ್ನ ಅಳೆದು ನೋಡಿದ್ರು. ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲಾದ ಹಳ್ಳಿಗಳಲ್ಲಿ ಕುಡಿಯೋ ನೀರಿನ ಕೆಲಸ ಜಾಸ್ತಿ ಆಗಿತ್ತು, ಲಂಚ ಕೊಟ್ಟೆ ಅನ್ನೋರು ಕಮ್ಮಿ ಇದ್ರು. ಆದ್ರೆ ಅದೇ ಊರಿನ ಜನಕ್ಕೆ ಸಮಾಧಾನ ಮಾತ್ರ ಗಂಡಸರು ಆಳೋ ಊರಿಗಿಂತ ಕಮ್ಮಿ! ಮನೇಲಿ ನಡೆಯೋದೂ ಇದೇ ಅಲ್ವಾ? ಅಡಿಗೆ ಚೆನ್ನಾಗಿದ್ರೆ ಯಾರೂ ಮಾತಾಡಲ್ಲ, ಉಪ್ಪು ಕಮ್ಮಿ ಆದ ದಿನ ಎಲ್ಲರಿಗೂ ನಾಲಿಗೆ ಬರುತ್ತೆ. ಪಶ್ಚಿಮ ಬಂಗಾಳದಲ್ಲಿ ಎರಡು ಚುನಾವಣೆಗೆ ಬೆನ್ನುಬೆನ್ನಿಗೆ ಮೀಸಲಾತಿ ಬಂದ ಕಡೆ, ಆಮೇಲೆ ಮೀಸಲಿಲ್ಲದ ಸೀಟಲ್ಲೂ ಹೆಂಗಸರು ಹೆಚ್ಚು ನಿಂತರು, ಗೆದ್ದರು. ನೋಡಿ ನೋಡಿ ಊರಿನ ಕಣ್ಣಿಗೂ ಅಭ್ಯಾಸ ಆಗಿತ್ತು.

ಹಂಗಾದ್ರೆ ಬೇಕಾಗಿರೋದು ಸಮಯ. ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದರು. 1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಅದೇ ಕ್ಷೇತ್ರ, ಅದೇ ಜನ, ವರ್ಷಾನುಗಟ್ಟಲೆ ಪಳಗೋಕೆ ಅವಕಾಶ. ಪಂಚಾಯ್ತಿ ಅಧ್ಯಕ್ಷೆಗೆ ನಾವು ಕೊಡ್ತಿರೋದು 30 ತಿಂಗಳು. ಅಷ್ಟರಲ್ಲಿ ಮೀಸಲಾತಿ ಬೇರೆ ವರ್ಗಕ್ಕೆ ಹೋಗುತ್ತೆ. ಈಜು ಕಲಿಯೋ ಹೊತ್ತಿಗೆ ಬಾವಿಯಿಂದ ಎತ್ತಿ ಹಾಕಿ, "ಇವಳಿಗೆ ಈಜೇ ಬರಲ್ಲ" ಅಂದ ಹಾಗೆ.

ವಿಧಾನಸಭೆ, ಲೋಕಸಭೆಗಳ ಕಥೆ ಹೇಳೋದೇ ಬೇಡ. ಮಹಿಳಾ ಮೀಸಲಾತಿ ಮಸೂದೆ ಮೊದಲು ಲೋಕಸಭೆಗೆ ಬಂದಿದ್ದು 1996ರಲ್ಲಿ, ನಮ್ಮವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ. ಪಾಸಾಗಿದ್ದು 2023ಕ್ಕೆ, ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ್ಮೇಲೇ ಜಾರಿ ಅಂತ ಷರತ್ತು ಹಾಕಿ. ಅದೇ 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸೀಟಲ್ಲಿ ಹೆಂಗಸರು ಗೆದ್ದಿದ್ದು ಹತ್ತೇ ಹತ್ತು. ಟಿಕೆಟ್ ಹಂಚೋ ಕೋಣೆಯಲ್ಲಿ ಹೆಂಗಸರು ಎಷ್ಟು ಜನ ಕೂತಿರ್ತಾರೆ ಅಂತ ನೀವೇ ಊಹಿಸ್ಕೊಳ್ಳಿ.

ಆ ಡೋಂಗಲ್ ಏನಾಯ್ತು ಅಂತ ಕೇಳಿದ್ರಾ? ಒಂದು ವರ್ಷ ಆ ಅಧ್ಯಕ್ಷೆ ಗಂಡ ಹೇಳಿದ್ದಕ್ಕೆಲ್ಲ ಹೂಂ ಅಂದ್ರು. ಒಂದಿನ ಊರಿಗೆ ನೀರು ಬಿಡೋ ನೀರಗಂಟಿಯ ಹೆಂಡತಿ ಬಂದು ಜಗಲಿ ಮೇಲೆ ಕೂತಳಂತೆ, ನಾಲ್ಕು ತಿಂಗಳಿಂದ ಸಂಬಳ ಇಲ್ಲ ಅಂತ. ಅವತ್ತು ರಾತ್ರಿ ಗಂಡನ ಹತ್ರ ರಿಂಗಿಂದ ಬಿಚ್ಚಿಸಿಕೊಂಡ ಡೋಂಗಲ್ ಸಾಸಿವೆ ಡಬ್ಬಿ ಸೇರ್ತು. ಆಮೇಲೆ ಪಂಚಾಯ್ತಿಗೆ ಅವರೇ ಹೋಗೋಕೆ ಶುರು ಮಾಡಿದ್ರು. 30 ತಿಂಗಳು ಮುಗೀತು, ಈಗ ಬರೀ ಸದಸ್ಯೆ. ಮೊನ್ನೆ ಊರಿಗೆ ಹೋದಾಗ ನೋಡಿದೆ. ಬೋರ್ಡಲ್ಲಿ ಬೇರೆ ಹೆಸರು, ಅದರ ಮುಂದೆಯೂ ಕೋಂ ಇದೆ. ಆದ್ರೆ ನಲ್ಲೀಲಿ ನೀರು ಬರದಿದ್ರೆ ಜನ ಈಗಲೂ ಹೋಗೋದು ಈ ಹಳೇ ಅಧ್ಯಕ್ಷರ ಮನೆಗೇ. ಬಾಗಿಲಲ್ಲಿ ಗಂಡ ಕೂತಿದ್ರೆ, "ಅಕ್ಕ ಇದಾರಾ?" ಅಂತ ಕೇಳ್ತಾರೆ.