ಎಣಿಕೆಗೆ ಸಿಗದ ಆಟಗಾರ

ಕೇಳುಗರಿಗೆ ನಮಸ್ಕಾರ. ಮಾಟುಂಗಾದ ನಮ್ಮ ಕನ್ನಡದ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡಿ ದಣಿವಾರಿಸಿಕೊಳ್ಳಲು ಕುಳಿತರೆ ಒಂದು ವಾದ ಹೊತ್ತಿಕೊಳ್ಳದೆ ಇರುವುದಿಲ್ಲ: ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಟಗಾರರಲ್ಲಿ ಘಟಾನುಘಟಿಗಳು ಯಾರು? 2019ರ ಅಕ್ಟೋಬರ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ನಮ್ಮ ವರ್ಲಿಗೇ ಬಂದು ಆಡಿದ ಮೇಲಂತೂ ಈ ವಾದಕ್ಕೆ ರಂಗೇರಿದೆ. ಮೈಕಲ್ ಜೋರ್ಡನ್ ಪಕ್ಷದವರು ಅವರ ಆರು ಚಾಂಪಿಯನ್ ಪಟ್ಟಗಳನ್ನು ಮುಂದಿಡುತ್ತಾರೆ. ಲೆಬ್ರಾನ್ ಜೇಮ್ಸ್ ಪಕ್ಷದವರು ನಲವತ್ತು ಸಾವಿರ ದಾಟಿದ ಅಂಕಗಳನ್ನು. ಎರಡಕ್ಕೂ ನನ್ನ ಒಪ್ಪಿಗೆಯಿದೆ. ಆದರೆ ಬಿಲ್ ರಸೆಲ್ ಹೆಸರೆತ್ತಿದರೆ ಅಜ್ಜನ ಕಾಲದ ಮಾತೆಂದು ತಳ್ಳಿಹಾಕುತ್ತಾರಲ್ಲ, ನನ್ನ ತಕರಾರು ಅಲ್ಲಿದೆ.

ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ 13 ಋತುಗಳಲ್ಲಿ ಆಡಿದರು; 11 ಸಲ ತಂಡ ಚಾಂಪಿಯನ್ ಆಯಿತು. ಅಂಕಗಳ ಸರಾಸರಿ ಮಾತ್ರ ಪಂದ್ಯಕ್ಕೆ ಸುಮಾರು 15. ಅವರ ಕಸುಬೆಲ್ಲ ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿತ್ತು. ಬ್ಲಾಕ್ ಎಂದು ಕರೆಯುವ ಈ ತಡೆಗಳನ್ನು ಲೀಗ್ ಎಣಿಸತೊಡಗಿದ್ದು 1973-74ರಲ್ಲಿ. ರಸೆಲ್ 1969ರಲ್ಲೇ ಆಟ ಬಿಟ್ಟಿದ್ದರು. ಫೈನಲ್ಸ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಶುರುವಾದದ್ದೂ ಅದೇ 1969ರಲ್ಲಿ, ಮತ್ತು ಅದು ಸೋತ ತಂಡದ ಜೆರ್ರಿ ವೆಸ್ಟ್ ಅವರ ಪಾಲಾಯಿತು. ಇಂದು ಆ ಪ್ರಶಸ್ತಿ ರಸೆಲ್ ಹೆಸರಿನಲ್ಲಿದೆ, ಅವರಿಗೆ ಅದು ಒಮ್ಮೆಯೂ ಸಿಗಲಿಲ್ಲ.

ಅವರ ಬ್ಲಾಕ್ ಎಂಥದ್ದೆಂದು ಸ್ವಲ್ಪ ಗಮನಿಸಿ. ಚೆಂಡನ್ನು ಪ್ರೇಕ್ಷಕರ ಮಧ್ಯೆ ಹೋಗಿ ಬೀಳುವಂತೆ ಬಾರಿಸಿದರೆ ಚಪ್ಪಾಳೆ ಬೀಳುತ್ತದೆ, ಚೆಂಡು ಮಾತ್ರ ಮತ್ತೆ ಎದುರಾಳಿಗೇ ಸೇರುತ್ತದೆ. ರಸೆಲ್ ಎದುರಾಳಿಯ ಕೈಯಿಂದ ಚೆಂಡು ಬಿಡುವ ಗಳಿಗೆಯನ್ನು ಕಾದು, ನೆಗೆದು, ಚೆಂಡನ್ನು ಅಂಗಣದೊಳಗೇ ತಮ್ಮವರ ಕಡೆಗೆ ತಟ್ಟುತ್ತಿದ್ದರು. ಜೊತೆಯಾಟಗಾರ ಬಾಬ್ ಕೂಸಿಯಂಥವರು ಅದನ್ನು ಹಿಡಿದು ಓಡಿದರೆ ಮರುಗಳಿಗೆಯಲ್ಲಿ ಆಚೆ ಬದಿಯ ಬುಟ್ಟಿಗೆ ಚೆಂಡು. ಒಂದೇ ತಟ್ಟಿಗೆ ಅವರಿಗೆ ಎರಡಂಕ ನಷ್ಟ, ಇವರಿಗೆ ಎರಡಂಕ ಲಾಭ!

1961-62ರ ಋತುವಿನಲ್ಲಿ ರಸೆಲ್ ಅವರ ದೊಡ್ಡ ಎದುರಾಳಿ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು, ಒಂದು ಪಂದ್ಯದಲ್ಲಿ 100. ಆಗ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುತ್ತಿದ್ದವರು ಆಟಗಾರರೇ. ಅವರು ಮತ ಹಾಕಿದ್ದು ರಸೆಲ್‌ಗೆ. ಇಬ್ಬರನ್ನೂ ಎದುರಿಸಿ ಬೆವರು ಸುರಿಸಿದವರ ತೀರ್ಪಿಗಿಂತ ನಮ್ಮದು ಹೇಗೆ ಮೇಲಾದೀತು? ಆ ವರ್ಷದ ಫೈನಲ್ಸ್‌ನ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ರಸೆಲ್ 30 ಅಂಕ ಗಳಿಸಿ 40 ರಿಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡುಗಳನ್ನು, ಹಿಡಿದರು.

ಆಗ ಹೆಚ್ಚಿನ ವರ್ಷಗಳಲ್ಲಿ ಇದ್ದದ್ದು ಎಂಟೊಂಬತ್ತೇ ತಂಡಗಳು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ತಂಡಗಳು ಕಡಿಮೆಯಿದ್ದರೆ ಅದೇ ಚೇಂಬರ್ಲೇನ್ ಅವರನ್ನು ವರ್ಷದುದ್ದಕ್ಕೂ ಮತ್ತೆ ಮತ್ತೆ ಎದುರಿಸಬೇಕಾಗುತ್ತದೆ. ಅದು ಸುಲಭದ ದಾರಿಯಲ್ಲ.

ನನ್ನ ಪಟ್ಟಿಯಲ್ಲಿ ರಸೆಲ್ ಮತ್ತು ಜೋರ್ಡನ್‌ರದು ಸರಿಸಮನಾದ ಮೊದಲ ಸ್ಥಾನ. ಆಮೇಲೆ ಕರೀಂ ಅಬ್ದುಲ್-ಜಬ್ಬಾರ್, ವರ್ಷದ ಶ್ರೇಷ್ಠ ಆಟಗಾರನೆಂಬ ಗೌರವ ಆರು ಸಲ ಪಡೆದವರು. ಅವರ ಬೆನ್ನಿಗೇ ಲೆಬ್ರಾನ್. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಬಂದ ನಿಕೊಲಾ ಯೋಕಿಚ್ ಅವರಿಗೂ ಈ ಸಾಲಿನ ಬಾಗಿಲು ತೆರೆದಿದೆ ಎಂದೇ ನನ್ನ ಭಾವನೆ.

ಕೊನೆಯದಾಗಿ, ನಾಗಪಾಡದಿಂದ ಡೊಂಬಿವಲಿವರೆಗೆ ಶಾಲಾ ಪಂದ್ಯಗಳ ಸ್ಕೋರ್ ಬರೆಯುವ ಗೆಳೆಯರಲ್ಲಿ ಒಂದು ಬೇಡಿಕೆ. ಬ್ಲಾಕ್ ಆದ ಚೆಂಡು ಯಾವ ತಂಡದ ಕೈ ಸೇರಿತು ಎಂಬುದಕ್ಕೂ ಹಾಳೆಯಲ್ಲಿ ಒಂದು ಕಾಲಂ ಹಾಕಿ. ಈ ಋತುವಿನಿಂದಲೇ ಹಾಕಿ. ನಮಸ್ಕಾರ.